ಆರತಿ ಆದ ಹುಡುಗಿ

ಫೋನು ಬಂದಾಗ ನಾನು ಮಸ್ಕಿಯ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ಮೂತ್ರಪಿಂಡದ ಪಾಠ ಮಾಡುತ್ತಿದ್ದೆ. ಇದನ್ನು ಹೇಳಿದರೆ ಕಥೆ ಕಟ್ಟುತ್ತಿದ್ದೀನಿ ಅಂದುಕೊಳ್ಳುತ್ತಾರೆ. ಕಟ್ಟುವವಳಾಗಿದ್ದರೆ ನನ್ನ ಮಾನ ಉಳಿಯುವ ಹಾಗೆ ಕಟ್ಟುತ್ತಿದ್ದೆ. ಬೇರು, ಎಲೆ, ಹೂವು ಇಂಥ ಯಾವುದಾದರೂ ಪಾಠ ಇಟ್ಟುಕೊಳ್ಳುತ್ತಿದ್ದೆ. ಬೋರ್ಡಿನ ಮೇಲೆ ಅವರೆಬೀಜದ ಆಕಾರದ ಎರಡು ಚಿತ್ರ, ನಡುವೆ ದಪ್ಪನೆಯ ಕೆಂಪು ಗೆರೆ, ಅದರ ಪಕ್ಕ ದಪ್ಪನೆಯ ನೀಲಿ ಗೆರೆ. ಕೆಂಪು ಅಪಧಮನಿ, ನೀಲಿ ಅಭಿಧಮನಿ. ಎಡಗಡೆಯ ಮೂತ್ರಪಿಂಡದಿಂದ ಹೊರಟ ನೀಲಿ ಗೆರೆ ನಡುವಿನ ಕೆಂಪು ಗೆರೆಯನ್ನು ದಾಟಿಕೊಂಡು ಬರಬೇಕು, ಅದಕ್ಕೇ ಅದು ಬಲಗಡೆಯದಕ್ಕಿಂತ ಉದ್ದ. ‘ಎಡಗಡೆಯದು ಯಾಕೆ ಉದ್ದ?’ ಎಂದು ಕೇಳಿ ಹಿಂದಿನ ಬೆಂಚಿನವರನ್ನು ಎಬ್ಬಿಸಿ ನಿಲ್ಲಿಸುವುದು ನನ್ನ ಹಳೆಯ ಚಟ. ಅದನ್ನೇ ಕೇಳಿ, ಒಬ್ಬನನ್ನು ನಿಲ್ಲಿಸಿಕೊಂಡಿದ್ದೆ.

ಫೋನು ಮಾಡಿದವರು ಸಿಂಧನೂರಿನ ಮನೆಯಲ್ಲಿದ್ದ ಅತ್ತೆ. ಹಗಲು ಹೊತ್ತಿನಲ್ಲಿ ಅವರು ಫೋನು ಮಾಡಿದರೆ ನನ್ನ ಎದೆಯಲ್ಲಿ ಒಂದು ಮೆರವಣಿಗೆಯೇ ಹೊರಡುತ್ತದೆ. ಗ್ಯಾಸು, ಕರೆಂಟು, ಬೀದಿನಾಯಿ, ಕಾಲುವೆ, ಮಗಳ ಸ್ಕೂಲ್ ಆಟೋ, ಹೀಗೆ ಒಂದರ ಹಿಂದೆ ಒಂದು.

“ಜಲ್ದಿ ಮನಿಗೆ ಬಾ. ಹುಡುಗಿ ದೊಡ್ಡಾಕಿ ಆಗ್ಯಾಳ.”

“ಇಷ್ಟು ಜಲ್ದಿ ಹೆಂಗ್ರಿ ಅತ್ತಿ? ಇನ್ನೂ ಆರನೇ ಕ್ಲಾಸು.”

“ಕ್ಲಾಸು ನೋಡಿ ಬರ್ತದೇನದು? ಆಕಿ ಉದ್ದ ನೋಡು, ಜೋಳದ ದಂಟು ಬೆಳದಂಗ ಬೆಳದಾಳ. ಲಂಗದ ಮ್ಯಾಲ ರಕ್ತದ ಕಲಿ ನಾನಾ ಕಣ್ಣಾರೆ ನೋಡೀನಿ. ನೀ ಬಾ ಮೊದಲ.”

ಎದೆಯಲ್ಲಿ ಹೊರಟಿದ್ದ ಮೆರವಣಿಗೆ ನಿಂತಿತು. ಅಷ್ಟೇನಾ ಅನ್ನಿಸಿ ಹಗುರಾದೆ. ಜನ್ಮದಲ್ಲಿ ಚಿಂತೆ ಮಾಡದ ವಿಷಯವೇ ಇಲ್ಲದ ನಾನು ಚಿಂತೆ ಮಾಡದೆ ಬಿಟ್ಟದ್ದು ಅದೊಂದೇ. ಮಸ್ಕಿಯಿಂದ ಸಿಂಧನೂರಿನ ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಎರಡೂ ಕಡೆಯ ಭತ್ತದ ಗದ್ದೆ ನೋಡುತ್ತಾ ಬಂದೆ. ನನ್ನ ಮಗಳು ದೊಡ್ಡವಳಾದಳು ಎಂದು ಒಂದಿಷ್ಟು ಕಣ್ಣೀರು ಕೂಡ ಬಂತು. ಅದು ಸುಖದ್ದು.

ಮನೆಗೆ ಬಂದಾಗ ಆಗಬೇಕಾದ್ದೆಲ್ಲ ಆಗಿಹೋಗಿತ್ತು. ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿ ಹುಡುಗಿಯನ್ನು ಕೂಡಿಸಿದ್ದರು. ಓಣಿಯ ಹೆಂಗಸರು ಆಗಲೇ ಅರ್ಧ ಮನೆ ತುಂಬಿದ್ದರು. ಮಿಕ್ಸಿಯಲ್ಲಿ ಎಳ್ಳು-ಬೆಲ್ಲ ತಿರುಗುತ್ತಿತ್ತು. ದೊಡ್ಡವಳಾದ ಹುಡುಗಿಗೆ ಚಿಗಳಿ ಉಂಡೆ ತಿನ್ನಿಸಬೇಕಲ್ಲ. ಗೋಡೆಯ ಮೇಲಿನ ಬುದ್ಧ ಅರ್ಧ ಕಣ್ಣು ಮುಚ್ಚಿಕೊಂಡು ಇದನ್ನೆಲ್ಲ ನೋಡುತ್ತಿದ್ದ. ನಮ್ಮ ಮನೆಯಲ್ಲಿ ದೇವರ ಜಗಲಿ ತೆಗೆದು ಬಹಳ ಕಾಲವಾಗಿದೆ. ನನ್ನ ಗಂಡ ಜಯಂತಿಗಳಲ್ಲಿ ಮೂಢನಂಬಿಕೆಯ ಬಗ್ಗೆ ಮೈಕು ಹಿಡಿದು ಮಾತಾಡುವ ಮನುಷ್ಯ. ಆಫೀಸಿನಿಂದ ಬಂದವರು ಬೂಟು ಬಿಚ್ಚುತ್ತಲೇ ಬಾಯಿ ತೆರೆದರು.

“ಯವ್ವ, ಇದೆಲ್ಲ ನಾವು ಬಿಟ್ಟೀವಲ್ಲ?”

“ದೇವ್ರನ್ನ ಬಿಟ್ಟೀವಪ್ಪ,” ಅಂದರು ಅತ್ತೆ, ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತಾ. “ಮಂದಿನ್ನ ಬಿಟ್ಟೀವೇನು?”

ಮೈಕು ಇಲ್ಲದಿದ್ದರೆ ನನ್ನ ಗಂಡನಿಗೆ ಮಾತು ಹೊರಡುವುದಿಲ್ಲ. ಒಳಗೆ ಹೋಗಿ ಲುಂಗಿ ಉಟ್ಟುಕೊಂಡರು.

ನಾನು ಮಗಳ ಹತ್ತಿರ ಹೋಗಿ ಕೂತೆ. ಅವಳು ಅಜ್ಜಿ ಅತ್ತ ತಿರುಗಿದ್ದು ನೋಡಿ ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದಳು. “ಮಮ್ಮಿ, ಒಂದಕ್ಕ ಹೋದಾಗಷ್ಟ ಬಂತು. ಆಮ್ಯಾಲ ಇಲ್ಲ. ಆಯಿಗೆ ಹೇಳಿದ್ರ ಕೇಳವಲ್ಲಳು.”

“ಮೊದಲ ಮೊದಲ ಹಂಗ ಇರ್ತದವ್ವ,” ಅಂದೆ ನಾನು. ವಿಜ್ಞಾನ ಶಿಕ್ಷಕಿ.

“ಖೋ-ಖೋ ಆಡಬೌದಿಲ್ಲ?”

“ಆಡಬೌದು ಬಿಡು.”

ಇದೊಂದೇ ಅವಳಿಗೆ ಬೇಕಾಗಿದ್ದದ್ದು. ಬೇರೆ ಮಕ್ಕಳು ಮೊಬೈಲು ಕೇಳುತ್ತಾರೆ, ಇವಳು ಕೇಳುತ್ತಿದ್ದದ್ದು ಓಡುವುದಕ್ಕೆ ಬಿಡಿ ಎಂದು. ತಾಲೂಕು ಮಟ್ಟದ ಆಟಕ್ಕೆ ಅವಳ ಶಾಲೆಯ ತಂಡದಲ್ಲಿ ಇವಳ ಹೆಸರಿತ್ತು. ಕಂಬ ಸುತ್ತುವಾಗ ಅವಳ ಉದ್ದನೆಯ ಕಾಲುಗಳು ನೆಲಕ್ಕೆ ತಾಗುತ್ತವೋ ಇಲ್ಲವೋ ಅನ್ನಿಸುತ್ತಿತ್ತು. ನಾನು ನೋಡಲು ಹೋದರೆ ಬೀಳುತ್ತಾಳೇನೋ ಎಂದು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ. ಹಾಗಾಗಿ ಪೂರ್ತಿ ಆಟ ಒಂದು ಸಲವೂ ನೋಡಲಿಲ್ಲ.

ಲಿಂಗಸುಗೂರಿನಿಂದ ನನ್ನ ತಮ್ಮ ಬಂದ. ಸೋದರಮಾವ ಅಂದರೆ ಈ ಕಾರ್ಯಕ್ಕೆ ಅವನೇ ಧಣಿ. ಹಸಿರು ಸೀರೆ, ಬಳೆ, ಕೊಬ್ಬರಿ, ಉತ್ತತ್ತಿ, ಡಬ್ಬಿ ತುಂಬ ಅಂಟಿನ ಉಂಡೆ, ಇವುಗಳ ಜೊತೆಗೆ ಒಂದು ಫ್ಲೆಕ್ಸ್ ಬ್ಯಾನರು. ಈಗ ನಮ್ಮ ಕಡೆ ಫ್ಲೆಕ್ಸ್ ಇಲ್ಲದೆ ಯಾವ ಹೆಣ್ಣೂ ದೊಡ್ಡವಳಾಗುವಂತಿಲ್ಲ. ಅವಳ ಒಳ್ಳೆಯ ಫೋಟೋ ಎಂದು ಅವನ ಮೊಬೈಲಿನಲ್ಲಿದ್ದದ್ದು ಸ್ಪೋರ್ಟ್ಸ್ ದಿನದ್ದು. ಫ್ಲೆಕ್ಸ್ ಅಂಗಡಿಯವನು ಖೋ-ಖೋ ಟೀ ಶರ್ಟು ಅಳಿಸಿ ಯಾರದೋ ರೇಷ್ಮೆ ಸೀರೆಯ ಮೈ ಕೂರಿಸಿದ್ದ. ಮುಖ ನನ್ನ ಮಗಳದು, ಮೈ ಯಾವಳದೋ. ಹಣೆಯ ಮೇಲಿನ ಬೆವರು ಮಾತ್ರ ಹಾಗೇ ಉಳಿದಿತ್ತು.

“ಚಂದ ಬಂದೈತಿಲ್ಲಕ್ಕ?” ಅಂದ ತಮ್ಮ.

“ಕೈಯಾಗ ಒಂದು ಕೂಸು ಇಟ್ಟಿದ್ರ ಬರೋಬ್ಬರಿ ಆಗ್ತಿತ್ತು,” ಅಂದೆ. ಅವನು ನಕ್ಕ. ನಾನೂ ನಕ್ಕೆ. ಇಬ್ಬರೂ ಸೇರಿ ಅದನ್ನು ಓಣಿಯ ತಿರುವಿನಲ್ಲಿ ಕಟ್ಟಿಸಿದೆವು.

ಆರತಿ ಆಯಿತು, ಉಡಿ ತುಂಬಿದರು. ಆರತಿ ಆಗುವವರೆಗಿನ ಅಷ್ಟೂ ದಿನ ಹುಡುಗಿ ಕೂತಲ್ಲೇ ಕೂತಿದ್ದಳು. ತುಪ್ಪ, ಉಂಡೆ, ಕೊಬ್ಬರಿ, ಗೊರೇಬಾಳದ ನಾದಿನಿ ಕಳಿಸಿದ ಕೋಳಿ, ಯಾರು ಏನು ತಂದರೂ ಬಾಯಿಗಿಟ್ಟರು. ರಕ್ತ ನಿಂತಿತು. ಅತ್ತೆ ದೃಷ್ಟಿ ತೆಗೆದರು. ಎಲ್ಲ ಸುಸೂತ್ರವಾಯಿತು ಎಂದು ಎಲ್ಲರೂ ಊಟ ಮಾಡಿದೆವು.

ಅವಳು ಮತ್ತೆ ಶಾಲೆಗೆ ಹೋಗತೊಡಗಿದಳು. ಅತ್ತೆ ಖೋ-ಖೋದ ಚಡ್ಡಿಯನ್ನು ಒರೆಸುವ ಅರಿವೆ ಮಾಡಿದ್ದರು. “ಮೊಣಕಾಲು ತೋರ್ಸಿ ಹುಡುಗರ ಎದುರಿಗೆ ಓಡಾಡೋದು ಸಾಕಿನ್ನ. ಓಣಿ ಮಂದೆಲ್ಲ ಉಂಡು ಹೋಗ್ಯಾರ.” ಅವಳು ಅಜ್ಜಿಯ ಎದುರು ತಲೆಯಾಡಿಸಿ ಶಾಲೆಯಲ್ಲಿ ಗೆಳತಿಯ ಚಡ್ಡಿ ಹಾಕಿಕೊಂಡು ಓಡಿದಳು. ಓಡಿದ ದಿನ ಸಂಜೆ ಮತ್ತೆ ಕೆಂಪಾಯಿತು.

ಮುಟ್ಟು ಎಂದು ಪ್ಯಾಡು ಕೊಟ್ಟೆ. ಮರುದಿನ ಬೆಳಿಗ್ಗೆ ಅವಳು ಅದನ್ನು ತಂದು ನನ್ನ ಮುಂದೆ ಹಿಡಿದಳು. ನಾನು ಚಪಾತಿ ಲಟ್ಟಿಸುತ್ತಿದ್ದೆ.

“ನೋಡು ಮಮ್ಮಿ.”

ಪ್ಯಾಡು ಪೊಟ್ಟಣ ಒಡೆದಾಗ ಇದ್ದಷ್ಟೇ ಬೆಳ್ಳಗಿತ್ತು.

“ಈಗ ಬಾ, ಇಲ್ಲಿ ನೋಡು,” ಎಂದು ಬಚ್ಚಲಿಗೆ ಎಳೆದುಕೊಂಡು ಹೋದಳು. ನೀರು ಹಾಕದೆ ಬಿಟ್ಟಿದ್ದಳು. ಬಿಳಿ ಕಮೋಡಿನ ಒಳಗೆ ದಾಳಿಂಬೆ ಹಣ್ಣು ಹಿಂಡಿದ ಹಾಗೆ ಇತ್ತು.

“ನಾ ಅವತ್ತಿಂದ ಹೇಳಾಕತ್ತೀನಿ,” ಅಂದಳು. ಸಿಟ್ಟಿನಿಂದಲ್ಲ. ನನ್ನ ಹಿಂದಿನ ಬೆಂಚಿನ ಹುಡುಗರಿಗೆ ನಾನು ಎರಡನೇ ಸಲ ಹೇಳುವಾಗಿನ ದನಿಯಲ್ಲಿ. ತವೆಯ ಮೇಲಿನ ಚಪಾತಿ ಕರಕಲಾದ ವಾಸನೆ ಬರುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ಆಮೇಲೆ ಸಿಂಧನೂರಿನ ಲ್ಯಾಬು. ಮೂತ್ರದಲ್ಲಿ ರಕ್ತ ಇದೆ ಎಂದರು, ಅದು ನಮಗೂ ಗೊತ್ತಿತ್ತು. ಸೋಂಕು ಇರಬಹುದು ಎಂದು ಒಬ್ಬ ಡಾಕ್ಟರು ಗುಳಿಗೆ ಕೊಟ್ಟರು. ಗುಳಿಗೆ ಮುಗಿಯಿತು, ಕೆಂಪು ಮುಗಿಯಲಿಲ್ಲ. ತಮ್ಮ ಲಿಂಗಸುಗೂರಿಗೆ ಕರೆಸಿ ಸ್ಕ್ಯಾನ್ ಮಾಡಿಸಿದ. ಅಲ್ಲಿ ಏನೂ ಕಾಣಲಿಲ್ಲ. ಕಾಣದಷ್ಟು ಸಣ್ಣ ಹರಳಿರಬಹುದು ಎಂದರು. ಹರಳು! ನಮ್ಮ ಜೀವಕ್ಕೆ ಎಷ್ಟು ಸಮಾಧಾನವಾಯಿತು ಅಂದರೆ, ಗೊತ್ತಿರುವ ನೆಂಟರು ಮನೆಗೆ ಬಂದ ಹಾಗೆ. ಈ ಕಾಲುವೆ ಸೀಮೆಯಲ್ಲಿ ಮನೆಗೊಬ್ಬರಿಗೆ ಹರಳಿದೆ, ಮನೆಗಿಬ್ಬರು ಅದಕ್ಕೆ ಔಷಧಿ ಬಲ್ಲವರಿದ್ದಾರೆ.

ಪಥ್ಯ ಶುರುವಾಯಿತು. ಟೊಮ್ಯಾಟೊ ಬೇಡ, ಬದನೆಕಾಯಿ ಬೇಡ, ಪಾಲಕ್ ಬೇಡ. ಶೇಂಗಾ ಬೇಡ, ಎಳ್ಳು ಬೇಡ. ಹಾಲಿನಲ್ಲಿ ಸುಣ್ಣದ ಅಂಶ ಇದೆಯಂತೆ, ಹಾಲೂ ಬೇಡ. ಮಾಂಸ ಉಷ್ಣ, ಮೊಟ್ಟೆ ಉಷ್ಣ, ಬೆಲ್ಲ ಉಷ್ಣ. ಬಳಗಾನೂರಿನಲ್ಲಿ ಹರಳಿಗೆ ಬೇರು ಕೊಡುವವನೊಬ್ಬನಿದ್ದಾನೆ ಎಂದು ನನ್ನ ಗಂಡ, ಮೈಕಿನ ಮನುಷ್ಯ, ಬೈಕಿನಲ್ಲಿ ಹೋಗಿ ತಂದರು; ಅವನು ಉಪ್ಪನ್ನೂ ಬಿಡಿಸಿದ. ಬೆಳಿಗ್ಗೆ ಬಾಳೆದಿಂಡಿನ ರಸ, ಮಧ್ಯಾಹ್ನ ಹುರುಳಿ ಕಟ್ಟು, ಸಂಜೆ ಬಾರ್ಲಿ ನೀರು. ಹುಡುಗಿಗೆ ಕುಡಿದು ಕುಡಿದು ಒಂದಕ್ಕೆ ಹೋಗಿ ಬರುವುದೇ ಒಂದು ಉದ್ಯೋಗವಾಯಿತು. ನನಗೋ ಪಥ್ಯ ಎಂದರೆ ಹಬ್ಬ. ಚಿಂತೆ ಮಾಡುವವರಿಗೆ ಕೈಗೆ ಒಂದು ಕೆಲಸ ಸಿಕ್ಕರೆ ಅದಕ್ಕಿಂತ ಸುಖವಿಲ್ಲ. ಮಸ್ಕಿಯಿಂದಲೇ ಫೋನು ಮಾಡಿ ಅತ್ತೆಯನ್ನು ಕೇಳುತ್ತಿದ್ದೆ.

“ಏನರ ತಿಂದಳೇನ್ರಿ?”

“ಇಲ್ಲವ್ವ, ಒಂದು ತುತ್ತು ಮುಟ್ಟಿಲ್ಲ,” ಎಂದು ಅತ್ತೆ ಧೈರ್ಯ ಹೇಳುತ್ತಿದ್ದರು.

ಹುಡುಗಿ ಉದ್ದಕ್ಕೆ ಬೆಳೆಯುತ್ತಲೇ ಇದ್ದಳು, ಅಗಲಕ್ಕೆ ಕರಗುತ್ತಾ ಹೋದಳು. ಕತ್ತಿನ ಎಲುಬು ಎದ್ದು ಕಂಡಿತು. ಎಡ ಪಕ್ಕೆಯಲ್ಲಿ ನೋವು ಎನ್ನತೊಡಗಿದಳು. ಹರಳು ಇಳಿಯುತ್ತಿದೆ ಎಂದೆವು. ಕೆಂಪು ಮೊದಲಿಗಿಂತ ಹೆಚ್ಚಾಯಿತು. ಹರಳು ಒಡೆಯುತ್ತಿದೆ ಎಂದೆವು. ಈ ಮಧ್ಯೆ ಓಣಿಯವರು ಹುಡುಗಿ ಯಾಕೆ ಸೊರಗಿದ್ದಾಳೆ ಎಂದು ಕೇಳಿದರೆ ಅತ್ತೆಯ ಉತ್ತರ ತಯಾರಿರುತ್ತಿತ್ತು. “ತಿಂಗಳ ತ್ರಾಸ ಭಾಳ ಐತವ್ವ ನಮ್ಮ ಹುಡುಗಿಗೆ.” ಬಾಗಿಲ ಸಂದಿಯಲ್ಲಿ ನಿಂತು ಮಗಳು ಅದನ್ನು ಕೇಳುತ್ತಿದ್ದಳು. ತಾಲೂಕು ಮಟ್ಟದ ಆಟ ಅವಳಿಲ್ಲದೆ ನಡೆದುಹೋಯಿತು.

ಕೊನೆಗೆ ಹುಬ್ಬಳ್ಳಿಗೆ ಹೋದೆವು, ಮಕ್ಕಳ ಮೂತ್ರಪಿಂಡವನ್ನೇ ನೋಡುವ ಡಾಕ್ಟರಮ್ಮನ ಹತ್ತಿರ. ಚೀಟಿ ಕೈಯಲ್ಲಿ ಹಿಡಿದು ನಾನು ಶುರುಮಾಡಿದ ಪ್ರವಚನವನ್ನು ಆಕೆ ಕೈಯೆತ್ತಿ ನಿಲ್ಲಿಸಿದರು.

“ನೀವು ಕುಂಡ್ರಿ. ಆಕಿ ಹೇಳ್ಲಿ. ಬಣ್ಣ ಹೆಂಗಿರ್ತದವಾ? ಕಡಕ್ ಚಹಾದಂಗೋ, ಕೆಂಪಗೋ?”

“ದಾಳಿಂಬ್ರಿ ರಸದಂಗ್ರಿ.”

“ಯಾವಾಗ ಹೆಚ್ಚ ಆಗ್ತದ?”

“ಓಡಿದ ದಿನರಿ. ಓಡಲಿಲ್ಲಂದ್ರ ಕಮ್ಮಿ. ಮೊದಲ್ನೇ ಸಲ ಬಂದಾಗ ಕುಂಡ್ರಿಸಿದ್ರು, ತಿನ್ನಾಕ ಕೊಟ್ಟಿದ್ರು. ಆವಾಗ ಪೂರಾ ನಿಂತಿತ್ತು.”

ಇಷ್ಟನ್ನು ಒಂದು ವರ್ಷದಿಂದ ನಾವು ಯಾರೂ ಅವಳನ್ನು ಕೇಳಿರಲಿಲ್ಲ.

ರಕ್ತನಾಳದೊಳಗೆ ರಕ್ತ ಹರಿಯುವುದು ತೋರಿಸುವ ಬೇರೆ ಥರದ ಸ್ಕ್ಯಾನು ಮಾಡಿದರು. ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ. ಆಮೇಲೆ ದೊಡ್ಡ ಮಶೀನಿನಲ್ಲಿ ಮತ್ತೊಂದು. ಕಾಯುವಾಗ ನನ್ನ ತಲೆ ಸುಮ್ಮನಿರುತ್ತದೆಯೇ? ಕಾರಣ ಏನೇನು ಇರಬಹುದು ಎಂದು ಕೇಳಿ ಕೇಳಿ ಡಾಕ್ಟರಮ್ಮನನ್ನು ದಣಿಸಿದೆ. ಮೂತ್ರಪಿಂಡದ ರಕ್ತನಾಳಗಳಿಂದಲೂ ರಕ್ತ ಬರುತ್ತದೆ, ಆದರೆ ಮಕ್ಕಳಲ್ಲಿ ಅಪರೂಪ ಎಂದರು. ಎಳೆಗೂಸುಗಳಿಗೆ ವಾಂತಿ-ಭೇದಿಯಾಗಿ ಮೈಯ ನೀರು ಬತ್ತಿದರೆ ಆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದುಂಟು. ಕೆಲವರಿಗೆ ಹುಟ್ಟುತ್ತಲೇ ಒಳಗೆ ನಾಳಗಳು ಗಂಟು ಬಿದ್ದುಕೊಂಡಿರುತ್ತವೆ. “ನಿಮ್ಮಾಕಿದು ಅವೆರಡೂ ಅಲ್ಲ” ಎಂದು ಅವರು ಹೇಳುವ ಹೊತ್ತಿಗೆ ನಾನು ಅವೆರಡನ್ನೂ ಮಗಳಿಗೆ ಅಂಟಿಸಿ, ಇಬ್ಬರು ಮಕ್ಕಳನ್ನು ಕಳೆದುಕೊಂಡಷ್ಟು ಅತ್ತು ಮುಗಿಸಿದ್ದೆ.

ಅವರು ಹಾಳೆಯ ಮೇಲೆ ಚಿತ್ರ ಬರೆದರು. ಎರಡು ಅವರೆಬೀಜ, ನಡುವೆ ದಪ್ಪ ಗೆರೆ. ಎಡಗಡೆಯಿಂದ ಉದ್ದನೆಯ ಗೆರೆ ಅದನ್ನು ದಾಟಿ ಹೊರಟಿತು. ನನ್ನ ಬೋರ್ಡಿನ ಚಿತ್ರ. ಆಮೇಲೆ, ನಾನು ಯಾವತ್ತೂ ಬರೆಯದ ಇನ್ನೊಂದು ಗೆರೆಯನ್ನು ಅದರ ಮೇಲೆ ಇಳಿಸಿದರು. ಕರುಳಿಗೆ ಹೋಗುವ ಅಪಧಮನಿ.

“ಹಿಂದ ಒಂದು ಗಟ್ಟಿ ನಾಳ, ಮುಂದ ಒಂದು ಗಟ್ಟಿ ನಾಳ. ನಡುವ ಈ ಮೆತ್ತನ್ನ ಅಭಿಧಮನಿ ಸಿಕ್ಕೊಂಡದ. ಅಡಕೊತ್ತಿನ್ಯಾಗ ಅಡಿಕಿ ಸಿಕ್ಕಂಗ. ರಕ್ತ ಮುಂದ ಹೋಗಾಕ ದಾರಿ ಸಾಲದ ಹಿಂದಕ್ಕ ಒತ್ತತದ, ಸಣ್ಣ ಸಣ್ಣ ನಾಳ ಒಡದು ಮೂತ್ರದಾಗ ಬರ್ತದ. ಭರಾಭರಾ ಉದ್ದ ಬೆಳದು ಮೈಯಾಗ ಕಸುವು ಇಲ್ಲದ ಮಕ್ಕಳಿಗೆ ಹಿಂಗ ಆಗೂದುಂಟು.”

“ಆಪರೇಷನ್ರೀ?” ಅಂದರು ನನ್ನ ಗಂಡ.

“ಈಗೇನು ಬ್ಯಾಡ. ಈ ಎರಡು ನಾಳದ ನಡುವ ಒಂದೀಟು ಕೊಬ್ಬಿನ ಮೆತ್ತಿ ಇರ್ತದ. ಮೈ ಸೊರಗಿದ್ರ ಅದು ಕರಗ್ತದ, ಅಡಕೊತ್ತು ಬಿಗಿ ಆಗ್ತದ. ಹುಡುಗಿ ಮೈ ಕೈ ತುಂಬಿದ್ರ ತಾನಾ ಸಡ್ಲ ಆಗೋ ಸಾಧ್ಯತಾ ಭಾಳ ಅದ. ಏನೇನ್ ತಿಂತಾಳ ಈಕಿ?”

ನಮ್ಮ ಪಥ್ಯವನ್ನು ನಾನೇ ಹೇಳಿದೆ. ಟೊಮ್ಯಾಟೊದಿಂದ ಶುರುಮಾಡಿ ಉಪ್ಪಿನವರೆಗೆ. ಹಾಲಿಗೆ ಬರುವ ಹೊತ್ತಿಗೆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಾನು ನಿಲ್ಲಿಸಲಿಲ್ಲ, ಪೂರ್ತಿ ಹೇಳಿ ಮುಗಿಸಿದೆ. ಅವರು ನನ್ನ ಉದ್ಯೋಗ ಕೇಳಿದರು. “ಸಾಲಿ ಮಾಸ್ತರ್ತಿರಿ” ಅಂದೆ. ಯಾವ ವಿಷಯ ಎಂದು ಕೇಳಲಿಲ್ಲ. ಆ ಒಂದು ಉಪಕಾರಕ್ಕೆ ನಾನು ಅವರಿಗೆ ಸಾಯುವವರೆಗೆ ಋಣಿ.

“ಉಪಾಸ ಹಾಕಿ ಹಾಕಿ ಅಡಕೊತ್ತು ಬಿಗಿ ಮಾಡೀರಿ,” ಎಂದಷ್ಟೇ ಅಂದರು.

ಮಗಳು ಕೇಳಿದಳು. “ಓಡಬೌದೇನ್ರಿ?”

“ಮೊದಲ ತಿನ್ನು. ಮೈ ತುಂಬ್ಕೋ. ಆಮ್ಯಾಲ ಓಡು, ಯಾರು ಬ್ಯಾಡ ಅಂತಾರ?”

ಯಾರು ಬೇಡ ಅನ್ನುತ್ತಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಅತ್ತೆಗೆ ವಿವರಿಸಿದೆ. ಹಾಳೆಯ ಚಿತ್ರ ತೋರಿಸಿದೆ, ಅಡಕೊತ್ತಿನ ಹೋಲಿಕೆ ಹೇಳಿದೆ. ಅವರು ತಮ್ಮ ಎಲೆ-ಅಡಿಕೆಯ ಚೀಲವನ್ನು ಹತ್ತಿರ ಎಳೆದುಕೊಂಡರು. “ನನ್ನ ಅಡಕೊತ್ತು ಆಕಿಗೇನು ಮಾಡೈತಿ?” ಎಂದರು. ಆಮೇಲೆ ಅಡಿಕೆ ಬಾಯಿಗೆ ಹಾಕಿಕೊಂಡು, “ಅಂದ್ರ ನಾ ಮೊದಲ್ನೇ ಸಲ ತಿನಿಸಿದ್ದಾ ಖರೇ ಔಷಧಿ,” ಎಂದರು. ಅದು ಸುಳ್ಳೂ ಅಲ್ಲ. ಈ ಇಡೀ ಪ್ರಕರಣದಲ್ಲಿ ನನ್ನ ಮಗಳಿಗೆ ಸರಿಯಾದ ಚಿಕಿತ್ಸೆ ಸಿಕ್ಕಿದ್ದು, ತಪ್ಪು ಕಾರಣಕ್ಕೆ ಆರತಿ ಎತ್ತಿದ ಆ ದಿನಗಳಲ್ಲಿ ಮಾತ್ರ. ಅತ್ತೆಯ ಎದುರು ಇದನ್ನು ಒಪ್ಪಿಕೊಳ್ಳುವುದು ಬಾಳೆದಿಂಡಿನ ರಸಕ್ಕಿಂತ ಒಗರಾಗಿತ್ತು.

“ಹಂಗಾದ್ರ ಅವತ್ತು ಆಕಿ ದೊಡ್ಡಾಕಿ ಆಗಿದ್ದಿಲ್ಲ, ಅತ್ತಿ,” ಅಂದೆ. “ಓಣ್ಯಾಗ ಹೇಳಿಬಿಡೂಣ್ರಿ. ಆಕಿ ಆಡ್ಲಿ.”

“ಏನಂತ ಹೇಳ್ತಿ? ಎತ್ತಿದ ಆರತಿ ಇಳಸಾಕ ಬರ್ತದೇನು?”

“ಒಂದಕ್ಕದಾಗ ರಕ್ತ ಹೊಂಟಿತ್ತು ಅಂತ ಹೇಳೂದ್ರಿ.”

“ಹೇಳು. ನಾಳಿ ಮುಂಜಾನಿಗೆ ಇಡೀ ಸಿಂಧನೂರು, ಅವರ ಹುಡುಗಿಗೆ ಕಿಡ್ನಿ ಕೆಟ್ಟಾವ ಅಂತೈತಿ. ನಾಡದ ಲಿಂಗಸುಗೂರು ಅಂತೈತಿ. ಮುಂದ ಯಾರು ಬರ್ತಾರ ಕನ್ಯಾ ನೋಡಾಕ? ದೊಡ್ಡಾಕಿ ಆದ್ಲು ಅಂದ್ರ ಮರ್ಯಾದಿ ಮಾತು. ಕಿಡ್ನಿ ಅಂದ್ರ ಮರ್ಯಾದಿ ಮಾತೇನು?”

ನಾನು ಗಂಡನ ಮುಖ ನೋಡಿದೆ. ಅವರು ಟಿವಿ ನೋಡಿದರು.

“ಹೋಗ್ಲಿ ಬಿಡು,” ಅಂದರು. “ಇವತ್ತಲ್ಲ ನಾಳಿ ಆಕಿ ಆಗೇ ಆಗ್ತಾಳ. ಒಂದು ವರ್ಷ ಹಿಂದ ಮುಂದ. ಏನು ಫರಕ ಬೀಳ್ತದ?”

ಫರಕ ಬಿದ್ದವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಶೇಂಗಾ ಉಂಡೆ ತಿನ್ನುತ್ತಿದ್ದಳು. ತಿನ್ನು ಎಂದು ಈಗ ಎಲ್ಲರೂ ಬೆನ್ನು ಹತ್ತಿದ್ದೆವು. ಮೊಟ್ಟೆ, ಮಟನ್ನು, ಹಾಲು, ಬೆಣ್ಣೆ. ಒಂದು ವರ್ಷ ಕಣ್ಣಿಗೆ ಬೀಳದಂತೆ ಬಚ್ಚಿಟ್ಟದ್ದನ್ನೆಲ್ಲ ಈಗ ಬಾಯಿ ತೆಗೆಸಿ ತುರುಕಿದೆವು. ಅವಳು ಔಷಧಿ ನುಂಗಿದ ಹಾಗೆ ನುಂಗಿದಳು, ಯಾಕೆಂದರೆ ತಿಂದರೆ ಓಡಬಹುದು ಎಂದು ಡಾಕ್ಟರಮ್ಮ ಮಾತು ಕೊಟ್ಟಿದ್ದರು. ದಿನಾ ಬೆಳಿಗ್ಗೆ ನಾನು ಬಚ್ಚಲ ಬಾಗಿಲ ಹೊರಗೆ ನಿಂತು, “ಹೆಂಗೈತಿ?” ಎಂದು ಕೇಳುತ್ತಿದ್ದೆ. ಒಳಗಿನಿಂದ ಅವಳ ವರದಿ ಬರುತ್ತಿತ್ತು. ಮೊದಮೊದಲು “ದಾಳಿಂಬ್ರಿ.” ಆಮೇಲೆ “ಕಲ್ಲಂಗಡಿ.” ಆಮೇಲೆ ಒಂದು ದಿನ, “ಲಿಂಬಿ ಶರಬತ್ತು, ಮಮ್ಮಿ. ಒಂದು ಲೋಟ ಕೊಡ್ಲೇನು?” ನಾನು ಬಾಗಿಲಿಗೆ ಹಣೆ ಹಚ್ಚಿ ನಿಂತೆ.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ನಾಳ ಸಡಿಲವಾಗುತ್ತಿದೆ, ಇನ್ನು ಆಡಲಿ ಎಂದರು. ಬರುವಾಗ ಮಗಳು ಬಸ್ಸಿನಲ್ಲಿ ಕೂತಲ್ಲೇ ಕಾಲು ಕುಣಿಸುತ್ತಿದ್ದಳು. ಲಿಂಗಸುಗೂರು ದಾಟಿತು, ಮಸ್ಕಿ ದಾಟಿತು, ಕಾಲು ನಿಲ್ಲಲಿಲ್ಲ. ಮನೆಯಲ್ಲಿ ಮಾತ್ರ ಅದು ನಡೆಯಲಿಲ್ಲ. ಅತ್ತೆ, ಆರತಿ ಆದ ಹುಡುಗಿ ಎಂದರು. ಗಂಡ, ಅವ್ವನನ್ನು ಯಾಕೆ ನೋಯಿಸುತ್ತೀ ಎಂದರು. ನಾನು ಇಬ್ಬರ ಮೇಲೂ ಹರಿಹಾಯ್ದೆ, ಆದರೆ ಜೋರಾಗಿ ಅಲ್ಲ. ಯಾಕೆಂದರೆ ಒಳಗೊಳಗೆ ನನಗೂ ಅದೇ ಬೇಕಾಗಿತ್ತು. ಓಡಿದರೆ ಮತ್ತೆ ಕೆಂಪಾದರೆ? ಅತ್ತೆಗೆ ಮರ್ಯಾದೆಯ ಭಯ, ನನಗೆ ನಾಳದ ಭಯ. ನನ್ನ ಭಯವನ್ನು ಅವರ ಸೆರಗಿನ ಹಿಂದೆ ಅಡಗಿಸಿಟ್ಟು, “ಆಯಿ ಒಪ್ಪವಲ್ಲಳವ್ವ, ಮುಂದಿನ ವರ್ಷ ನೋಡೂಣು,” ಎಂದು ಮಗಳಿಗೆ ಹೇಳಿದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಕೇಳಲಿಲ್ಲ.

ಆ ಫ್ಲೆಕ್ಸ್ ಹಾಳಾಗಿರಲಿಲ್ಲ. ಅತ್ತೆ ಏನನ್ನೂ ಎಸೆಯುವವರಲ್ಲ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಅದನ್ನು ತಿರುವಿ ಹಾಸಿ, ಹಿಂದಿನ ಬಿಳಿ ಬದಿಯ ಮೇಲೆ ಹಪ್ಪಳ ಒಣಗಿಸಿದರು. ಗಾಳಿಗೆ ಒಂದು ಮೂಲೆ ಎದ್ದಾಗ ಮಗಳ ಹಣೆಯ ಬೆವರು ಕಾಣುತ್ತಿತ್ತು. ಅವಳೇ ಹೋಗಿ ಅದರ ಮೇಲೆ ಕಲ್ಲಿಟ್ಟು ಬಂದಳು.

ದಸರಾ ಸೂಟಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವಳ ಹಾಸಿಗೆ ಮಡಚುವಾಗ ಚಾದರದ ಮೇಲೆ ಕೆಂಪು ಕಂಡಿತು. ಮತ್ತೆ ಬಂತು, ನಾಳ ಮತ್ತೆ ಬಿಗಿಯಾಯಿತು, ಹುಬ್ಬಳ್ಳಿ, ಆಪರೇಷನ್ನು, ಹೀಗೆ ಒಂದೇ ಉಸಿರಿನಲ್ಲಿ ಎಲ್ಲವೂ ತಲೆಯಲ್ಲಿ ಆಗಿಹೋಯಿತು. ಮಗಳು ಕನ್ನಡಿಯ ಮುಂದೆ ಜಡೆ ಹಾಕಿಕೊಳ್ಳುತ್ತಿದ್ದಳು.

“ಮತ್ತ ಬಂತೇನ? ಯಾಕ ಹೇಳ್ಲಿಲ್ಲ? ಪಕ್ಕಿ ನೋಯ್ತದೇನು? ನಡಿ, ಇವತ್ತ ಹೋಗೂಣು.”

ಅವಳು ಬಾಯಲ್ಲಿದ್ದ ರಿಬ್ಬನ್ ತೆಗೆದಳು. “ಇದು ಅದಲ್ಲ ಮಮ್ಮಿ. ಇದು ಖರೇದು.”

“ಯಾವಾಗಿಂದ?”

“ಬ್ಯಾಸಗಿಯಿಂದ.”

ಬೇಸಿಗೆಯಿಂದ. ಅಂದರೆ ಮಾಳಿಗೆಯ ಮೇಲೆ ಹಪ್ಪಳ ಒಣಗುತ್ತಿದ್ದಾಗಿನಿಂದ. ಪ್ಯಾಡು ಎಲ್ಲಿಂದ ತರುತ್ತಿದ್ದೆ ಎಂದು ಕೇಳಿದೆ. ಮೊದಲು ನಿನ್ನ ಕಪಾಟಿನಿಂದ, ಆಮೇಲೆ ಶಾಲೆಯಲ್ಲಿ ಕೊಡುತ್ತಾರೆ ಎಂದಳು. ಹೊಟ್ಟೆ ನೋವು ಬಂದಾಗ ಏನು ಮಾಡಿದೆ ಎಂದು ಕೇಳಿದೆ. ಮಲಗಿದೆ ಎಂದಳು.

“ನನಗರ ಹೇಳಬಾರದೇನವ್ವ?”

“ನಿಮಗೆಲ್ಲಾ ಮೊದಲಾ ಗೊತ್ತಿತ್ತಲ್ಲ,” ಅಂದಳು. “ಮತ್ತೇನು ಹೇಳೂದು? ಹೇಳಿದ್ರ ಮಾಮ ಇನ್ನೊಂದು ಫ್ಲೆಕ್ಸ್ ತರ್ತಿದ್ದ.”

ಅತ್ತೆ ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದ ಸಪ್ಪಳ ಕೇಳುತ್ತಿತ್ತು. ನಾನು ಚಾದರವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ. ಏನಾದರೂ ಕೊಡಬೇಕು, ಇವತ್ತೇ ಈಗಲೇ ಕೊಡಬೇಕು ಅನ್ನಿಸಿತು. ಅವಳು ಜೀವನದಲ್ಲಿ ಕೇಳಿದ್ದು ಒಂದೇ.

“ಆಯಿಗೆ ನಾ ಹೇಳ್ತೀನಿ. ಯಾರು ಏನಂದ್ರೂ ಅನ್ಲಿ. ನಾಳಿಂದ ಆಡಾಕ ಹೋಗು. ನಿಮ್ಮ ಪಿಟಿ ಸರ್‌ಗೆ ನಾನಾ ಫೋನ್ ಮಾಡ್ತೀನಿ.”

ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಕೆನ್ನೆ ತುಂಬಿದ್ದವು, ಕತ್ತಿನ ಎಲುಬು ಮುಚ್ಚಿಹೋಗಿತ್ತು. ಡಾಕ್ಟರಮ್ಮ ಹೇಳಿದ್ದಕ್ಕಿಂತ ಹೆಚ್ಚೇ ತಿನ್ನಿಸಿದ್ದೆವು.

“ಹೋಗಿದ್ದೆ ಮಮ್ಮಿ,” ಅಂದಳು. “ಯಾರಿಗೂ ಹೇಳದ ಸಾಲ್ಯಾಗ ಎರಡು ಸಲ ಓಡಿ ನೋಡಿದೆ. ರಕ್ತ ಬರಲಿಲ್ಲ. ಆದ್ರ ಕಂಬ ಸುತ್ತಾಕ ಆಗಂಗಿಲ್ಲ ಈಗ, ಲಗೂನ ದಣಿತೀನಿ. ಸರ್ ನನ್ನ ಜಾಗಕ್ಕ ಐದನೇ ಕ್ಲಾಸಿನ ಹುಡುಗಿನ್ನ ತಗೊಂಡಾರ. ಸಣ್ಣಕದಾಳ. ಭಾಳ ಚಂದ ಓಡ್ತಾಳ.”

ಇದನ್ನು ಹೇಳುವಾಗಲೂ ಅವಳಿಗೆ ಸಿಟ್ಟಿರಲಿಲ್ಲ. ರಿಬ್ಬನ್ ಕಟ್ಟಿಕೊಂಡು, ತಟ್ಟೆಯಲ್ಲಿಟ್ಟಿದ್ದ ಎರಡು ಮೊಟ್ಟೆ ತಿಂದು, ಆಟೋ ಹತ್ತಿದಳು.

ನಾನು ಅವತ್ತು ಶಾಲೆಗೆ ರಜೆ ಹಾಕಿ ಎಳ್ಳು ಹುರಿದು ಚಿಗಳಿ ಮಾಡಿದೆ. ಯಾಕೆ ಇದು ಇವತ್ತು ಎಂದು ಅತ್ತೆ ಕೇಳಿದರು. ಸುಮ್ಮನೆ ಎಂದೆ. ಸಂಜೆ ಮಗಳು ಡಬ್ಬಿಯ ಮುಚ್ಚಳ ತೆಗೆದು ನೋಡಿ, ಹಾಗೇ ಮುಚ್ಚಿದಳು. ಅದನ್ನು ತಿಂದು ಮುಗಿಸಿದ್ದು ನಾವು ದೊಡ್ಡವರು.

ಹುಬ್ಬಳ್ಳಿಯಲ್ಲಿ ಈಗ ವರ್ಷಕ್ಕೊಮ್ಮೆ ಬಂದರೆ ಸಾಕು ಎಂದಿದ್ದಾರೆ. ಮಸ್ಕಿಯಲ್ಲಿ ನಾನು ಬೋರ್ಡಿನ ಮೇಲೆ ಆ ಚಿತ್ರ ಬರೆಯುವಾಗ ಕರುಳಿನ ಅಪಧಮನಿಯ ಗೆರೆಯನ್ನೂ ಇಳಿಸುತ್ತೇನೆ. ಪುಸ್ತಕದಲ್ಲಿ ಇಲ್ಲ ಮೇಡಂ ಎಂದು ಮಕ್ಕಳು ತಕರಾರು ತೆಗೆಯುತ್ತಾರೆ. ಬೆಳಗ್ಗೆ ಬಚ್ಚಲ ಬಾಗಿಲ ಹೊರಗೆ ನಿಂತು, “ಹೆಂಗೈತಿ?” ಎಂದು ಕೇಳುವ ಚಟವೂ ಬಿಟ್ಟಿಲ್ಲ. ಮೊದಲಿನ ಹಾಗೆ ಉತ್ತರ ಬರುವುದಿಲ್ಲ. ನನ್ನ ದನಿ ಕೇಳಿದ ಕೂಡಲೇ ಅವಳು ನಳ ಜೋರಾಗಿ ತಿರುಗಿಸುತ್ತಾಳೆ. ಬಕೆಟ್ಟು ತುಂಬಿ ಹರಿಯುವವರೆಗೆ ನಾನು ಅಲ್ಲೇ ನಿಂತಿರುತ್ತೇನೆ.